ಕಳ್ಳಚುಕ್ಕೆ

ಆ ಕಟ್ಟಡದ ನೆಲಮಾಳಿಗೆಯಲ್ಲಿ ಎಂಬತ್ತು ವರ್ಷಗಳ ಆಕಾಶವನ್ನು ಕಬ್ಬಿಣದ ಕಪಾಟುಗಳಲ್ಲಿ ಸಾಲಾಗಿ ನಿಲ್ಲಿಸಿ ಇಟ್ಟಿದ್ದರು. ಎಲ್ಲವೂ ಗಾಜಿನ ಪ್ಲೇಟುಗಳು. ಒಂದೊಂದೂ ಕಿಟಕಿಯ ಒಂದು ಗಾಜಿನಷ್ಟು ಅಗಲ, ಒಂದೊಂದಕ್ಕೂ ಕಂದು ಕಾಗದದ ಲಕೋಟೆ. ಹಿಂದಿನ ಕಾಲದಲ್ಲಿ ದೂರದರ್ಶಕದ ಹಿಂಬದಿಗೆ ಈ ಗಾಜನ್ನೇ ಸಿಕ್ಕಿಸಿ ಗಂಟೆಗಟ್ಟಲೆ ಬೆಳಕು ಹಿಡಿಯುತ್ತಿದ್ದರು. ಗಾಜಿನ ಒಂದು ಮೈಗೆ ಲೇಪ ಇರುತ್ತಿತ್ತು. ಬೆಳಕು ತಾಗಿದಲ್ಲಿ ಲೇಪ ಕಪ್ಪಾಗುತ್ತಿತ್ತು. ಹಾಗಾಗಿ ಅಲ್ಲಿ ಎಲ್ಲವೂ ತಿರುಗುಮುರುಗು: ಆಕಾಶ ತಿಳಿ, ನಕ್ಷತ್ರ ಕಪ್ಪು. ಹೊಸದಾಗಿ ನೋಡಿದವರು, "ಇದೇನು, ನೊಣ ಕೂತೆದ್ದ ಗಾಜಿನ ಹಾಗಿದೆಯಲ್ಲ!" ಎಂದುಬಿಡುತ್ತಿದ್ದರು.

ಆ ನೊಣದ ಗುರುತುಗಳನ್ನು ಎಣಿಸಿಯೇ ಎಣಿಕೆಯಮ್ಮ ಮೂವತ್ತೆಂಟು ವರ್ಷ ಸವೆಸಿದ್ದಳು. ಹೆತ್ತವರು ಇಟ್ಟ ಹೆಸರು ಬೇರೆ. ಅದು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿರಲಿಲ್ಲ. ಆಗ ಈ ನೆಲಮಾಳಿಗೆಯಲ್ಲಿ ಹದಿನಾಲ್ಕು ಜನ ಹೆಂಗಸರು ಸಾಲಾಗಿ ಕೂತು, ಕೆಳಗೆ ದೀಪ, ಮೇಲೆ ಭೂತಗನ್ನಡಿ ಇಟ್ಟುಕೊಂಡು, ಪ್ಲೇಟಿನ ಮೇಲೆ ಗೆರೆಗಾಜು ಹೊದಿಸಿ ನಕ್ಷತ್ರ ಎಣಿಸುತ್ತಿದ್ದರು. ಗೆರೆಗಾಜಿನಲ್ಲಿ ಅಡ್ಡ ಹನ್ನೆರಡು, ಉದ್ದ ಹನ್ನೆರಡು, ಒಟ್ಟು ನೂರ ನಲವತ್ತನಾಲ್ಕು ಚೌಕ. ಒಂದು ಚೌಕ ಎಣಿಸು, ಬರೆ; ಇನ್ನೊಂದು ಎಣಿಸು, ಬರೆ. ಹೀಗೆ ಬರೆದ ಲೆಕ್ಕವೆಲ್ಲ ದಪ್ಪ ಪಟ್ಟಿಗಳಾಗಿ ಅಚ್ಚಾಗಿ ಎಲ್ಲೆಲ್ಲಿಗೋ ಹೋಗುತ್ತಿತ್ತು. ಯಾರು ಯಾರೋ ದೂರದ ವಿದ್ವಾಂಸರು ಅದರ ಮೇಲೆ ತಮ್ಮ ಮನೆ ಕಟ್ಟುತ್ತಿದ್ದರು. ಎಣಿಕೆಯಮ್ಮನ ಪಾಲಿಗೆ ಬಂದದ್ದು ಒಂದೇ ಒಂದು ಮಾತು: "ಆಕೆ ಎಣಿಸಿದ್ದಾ? ಹಾಗಿದ್ದರೆ ಮತ್ತೆ ಎಣಿಸೋದು ಬೇಡ." ಅದೇ ಅವಳ ಆಸ್ತಿ, ಅದೇ ಒಡವೆ.

ಕೆಲಸದಿಂದ ಬಿಡುಗಡೆಯಾಗಿ ನಾಲ್ಕು ವರ್ಷ ಮನೆಯಲ್ಲಿದ್ದವಳನ್ನು ಮತ್ತೆ ಕರೆಸಿಕೊಂಡಿದ್ದರು. ಈಗ ಎಣಿಸುವುದಕ್ಕೆ ಯಂತ್ರ ಬಂದಿದೆ. ಆದರೆ ಯಂತ್ರಕ್ಕೆ ತಿನ್ನಿಸಲು ಪ್ಲೇಟುಗಳನ್ನೆಲ್ಲ ಸ್ಕ್ಯಾನ್ ಮಾಡಬೇಕು. ಯಾವ ಮೈ ಗಾಜು, ಯಾವ ಮೈ ಲೇಪ ಎಂದು ಬೆರಳ ತುದಿಯಿಂದಲೇ ಹೇಳಬಲ್ಲವರು ಆ ಊರಿನಲ್ಲಿ ಬೇರೆ ಯಾರೂ ಬದುಕಿ ಉಳಿದಿರಲಿಲ್ಲ. ಲಕೋಟೆಯಿಂದ ತೆಗೆ, ಕುಂಚದಿಂದ ಧೂಳು ಕೊಡವು, ಗಾಜಿನ ಮೈಮೇಲಿನ ಹಳೆಯ ಶಾಯಿಗುರುತುಗಳನ್ನು ಸ್ಪಿರಿಟ್ ಹತ್ತಿಯಿಂದ ಒರೆಸು, ಸ್ಕ್ಯಾನರಿನ ಮೇಲೆ ಮಲಗಿಸು, ಎಬ್ಬಿಸು, ಮತ್ತೆ ಲಕೋಟೆಗೆ ಹಾಕು. ಲೇಪದ ಮೈಯನ್ನು ಮಾತ್ರ ಯಾವ ಕಾರಣಕ್ಕೂ ಮುಟ್ಟಬಾರದು. ದಿನಕ್ಕೆ ಇಪ್ಪತ್ತಾರು ಪ್ಲೇಟು. ಇನ್ನೂ ಹನ್ನೆರಡು ಸಾವಿರ ಉಳಿದಿದೆ ಎಂದು ಮೇಲ್ವಿಚಾರಕರು ಹೇಳಿದಾಗ ಅವಳು ಸುಮ್ಮನೆ ನಕ್ಕಿದ್ದಳು. ಒಂದು ಕಣ್ಣಿನ ಪೊರೆ ತೆಗೆಸಿಯಾಗಿತ್ತು, ಇನ್ನೊಂದು ಕಾಯುತ್ತಿತ್ತು. ಸೊಂಟ ಮಾತ್ರ ಯಾವುದನ್ನೂ ಕಾಯದೆ ದಿನವೂ ನೋಯುತ್ತಿತ್ತು.

ಆದರೂ ಬೆಳಗಿನ ಮೊದಲ ಪ್ಲೇಟನ್ನು ಎತ್ತುವ ಮುಂಚೆ ಒಂದು ಗಳಿಗೆ ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸದೆ ಒಂದು ಮಾತು ಹೇಳಿಕೊಳ್ಳುವುದನ್ನು ಬಿಟ್ಟಿರಲಿಲ್ಲ. 'ಕಾಣಿಸಿದ್ದನ್ನಷ್ಟೇ ಹೇಳಿಸು ತಂದೆ.' ಈ ಪ್ರಾರ್ಥನೆಯನ್ನು ಕಲಿಸಿಕೊಟ್ಟವಳು ಅವಳ ಸೋದರತ್ತೆ, ಅಪ್ಪನ ಅಕ್ಕ. ಅವಳೇ ಆ ಎಣಿಕೆಮನೆಯ ಯಜಮಾನಿಯಾಗಿದ್ದವಳು. ಹತ್ತೊಂಬತ್ತರ ಹರೆಯದ ಸೊಸೆಯನ್ನು ಕೈಹಿಡಿದು ಅಲ್ಲಿ ಕೂರಿಸಿದವಳು. ತೀರಿಕೊಂಡು ಬಹಳ ಕಾಲವಾಗಿತ್ತು.

ಆವತ್ತು ಮಧ್ಯಾಹ್ನ ಮೂರರ ಹೊತ್ತಿಗೆ ಧೂಮಕೇತು ಮೆಟ್ಟಿಲು ಇಳಿದು ಬಂದಳು.

ಧೂಮಕೇತು ಎಂದರೆ ಮೇಲಿನ ಮಹಡಿಯ ಸಂಶೋಧಕಿ ಹುಡುಗಿ. ವಾರಗಟ್ಟಲೆ ಮುಖ ತೋರಿಸುವುದಿಲ್ಲ. ತೋರಿಸಿದರೆ ಹಿಂದೆ ಉದ್ದ ಶಾಲು ಹಾರಿಸಿಕೊಂಡು ಬಂದು, ಇರುವವರನ್ನೆಲ್ಲ ಗಾಬರಿಗೊಳಿಸಿ, ಹಾಗೇ ಮಾಯ. ಅದಕ್ಕೇ ಆ ಹೆಸರು. ಇವತ್ತು ಶಾಲು ಹಾರುತ್ತಿರಲಿಲ್ಲ, ಹೆಗಲಿಗೆ ಜೋತುಬಿದ್ದಿತ್ತು. ಕಣ್ಣ ಕೆಳಗೆ ಯಾರೋ ಹೆಬ್ಬೆರಳಿನಿಂದ ಒತ್ತಿದ ಹಾಗೆ ಕಪ್ಪು.

"ಎಣಿಕೆಯಮ್ಮ, ಒಂದು ನಿಮಿಷ ಇದೆಯಾ?"

"ನಿಮಿಷಕ್ಕೇನು ಬರ ತಾಯಿ, ಕೂತ್ಕೋ. ಊಟ ಆಯ್ತಾ?"

"ಆಯ್ತು ಅನ್ಸುತ್ತೆ."

"ಅನ್ಸುತ್ತೆ ಅಂದ್ರೆ ಆಗಿಲ್ಲ ಅಂತ."

ಹುಡುಗಿ ಸ್ಟೂಲಿನ ಮೇಲೆ ಕೂತು ಕೈಯಲ್ಲಿದ್ದ ಕಾಗದವನ್ನು ಮೇಜಿನ ಮೇಲೆ ಹರಡಿದಳು. ಸ್ಕ್ಯಾನ್ ಮಾಡಿದ ಒಂದು ಪ್ಲೇಟಿನ ತುಣುಕನ್ನು ಹಿಗ್ಗಿಸಿ ತೆಗೆದ ಚಿತ್ರ. ನೆರೆಯ ಗ್ಯಾಲಕ್ಸಿಯೊಂದರ ಸುರುಳಿತೋಳಿನ ಅಂಚು. ಹೊಗೆಯಂಥ ಮಸಕಿನಲ್ಲಿ ಒಂದು ಸಣ್ಣ ಕಪ್ಪು ಚುಕ್ಕೆ, ಅದರ ಸುತ್ತ ಕೆಂಪು ವೃತ್ತ.

"ಇದು ಮೂವತ್ತೊಂದು ವರ್ಷದ ಹಿಂದಿನ ಪ್ಲೇಟು. ಇಲ್ಲಿ ಈ ನಕ್ಷತ್ರ ಇದೆ. ಈಗಿನ ದೊಡ್ಡ ದೂರದರ್ಶಕದಲ್ಲಿ ಅದೇ ಜಾಗ ನೋಡಿದ್ರೆ ಏನೂ ಇಲ್ಲ. ಖಾಲಿ."

"ಸತ್ತುಹೋಯ್ತಾ?"

"ಸಾಯೋದು ಅಂದ್ರೆ ಗಲಾಟೆ ಮಾಡ್ಕೊಂಡು ಸಾಯಬೇಕು ಅಮ್ಮ. ಇಷ್ಟು ದೊಡ್ಡ ನಕ್ಷತ್ರ ಸಿಡಿದರೆ ಆ ಗ್ಯಾಲಕ್ಸಿಯೆಲ್ಲ ಬೆಳಗುತ್ತೆ. ಯಾರ ಕಣ್ಣಿಗಾದ್ರೂ ಬಿದ್ದೇ ಬೀಳುತ್ತೆ. ಇದು ಯಾರಿಗೂ ಹೇಳದೆ ಹೋಗಿದೆ. ಕೆಲವು ನಕ್ಷತ್ರ ಸಿಡಿಯದೆ ತಮ್ಮೊಳಗೇ ಕುಸಿದು ನೇರವಾಗಿ ಕಪ್ಪುಕುಳಿ ಆಗಿಬಿಡ್ತವೆ ಅಂತ ಒಂದು ಊಹೆ ಇದೆ. ಅಂಥದ್ದನ್ನ ಹುಡುಕೋದೇ ನನ್ನ ಕೆಲಸ. ಮೂರು ವರ್ಷ ಆಯ್ತು."

ಅವಳು ಹೇಳುತ್ತಾ ಹೋದಳು. ಯಂತ್ರ ಮೊದಲು ಅರವತ್ತು ಸಾವಿರ ಚುಕ್ಕೆ ಕೊಟ್ಟಿತ್ತು: ಹಳೆಯ ಪ್ಲೇಟಿನಲ್ಲಿ ಇದ್ದು, ಈಗ ಇಲ್ಲದವು. ಒಂದೊಂದನ್ನೇ ನೋಡಿ ಹೊಡೆದು ಹಾಕುತ್ತಾ ಬಂದಳು. ಇದು ಧೂಳು. ಇದು ಗೀರು. ಇದು ಹಾದುಹೋದ ಕ್ಷುದ್ರಗ್ರಹ. ಇದು ಲೇಪದ ಗುಳ್ಳೆ. ಸಾವಿರ, ಹತ್ತು ಸಾವಿರ, ಐವತ್ತು ಸಾವಿರ. ಕೊನೆಗೆ ಉಳಿದದ್ದು ಇದೊಂದು. ಆ ಜಾಗವನ್ನು ಅಷ್ಟು ಆಳವಾಗಿ ಹಿಡಿದ ಹಳೆಯ ಪ್ಲೇಟು ಇನ್ನೊಂದಿಲ್ಲ. ಹೋಲಿಸಿ ನೋಡುವುದಕ್ಕೂ ದಾರಿ ಇಲ್ಲ. ಅವಳ ಕೆಲಸದ ಅವಧಿ ಇನ್ನೆರಡು ತಿಂಗಳಿಗೆ ಮುಗಿಯುತ್ತದೆ. ಈ ಚುಕ್ಕೆ ನಿಂತರೆ ಅವಳೂ ನಿಲ್ಲುತ್ತಾಳೆ.

"ನಾಳೆ ಸಂಜೆಗೆ ಸಂಶೋಧನಾ ಪತ್ರಿಕೆಗೆ ಬರಹ ಕಳಿಸಬೇಕು. ಒಂದೇ ಒಂದು ಬಾಕಿ. ಮೂಲ ಪ್ಲೇಟನ್ನ ಬಲ್ಲವರೊಬ್ಬರು ಕಣ್ಣಾರೆ ನೋಡಿ, ಇದು ಕಲೆಯಲ್ಲ, ಧೂಳಲ್ಲ ಅಂತ ಬರೆದು ಸಹಿ ಹಾಕಬೇಕಂತೆ. ಮೇಲ್ವಿಚಾರಕರನ್ನ ಕೇಳಿದೆ. 'ಎಣಿಕೆಯಮ್ಮ ನೋಡಿದ್ರೆ ಸಾಕು, ಅದರ ಮೇಲೆ ಮಾತಿಲ್ಲ' ಅಂದ್ರು."

ಎಣಿಕೆಯಮ್ಮನಿಗೆ ಒಳಗೊಳಗೇ ಹಿತವಾಯಿತು. ದಣಿದ ಜೀವಕ್ಕೆ ಇಂಥ ಮಾತು ಬಿಸಿನೀರಿನ ಸ್ನಾನದ ಹಾಗೆ. "ಇಟ್ಟು ಹೋಗು. ನೋಡಿ ಹೇಳ್ತೀನಿ. ಮೊದಲು ಹೋಗಿ ಏನಾದ್ರೂ ತಿನ್ನು, ಗಾಳಿ ಬಂದ್ರೆ ಹಾರಿಹೋಗೋ ಹಾಗಿದ್ದೀಯ."

ಹುಡುಗಿ ಹೋದ ಮೇಲೆ ಅವಳು ಏಳನೆಯ ಕಪಾಟಿನಿಂದ ಆ ಲಕೋಟೆಯನ್ನು ಹುಡುಕಿ ತಂದಳು. ಲಕೋಟೆಯ ಮೂಲೆಯಲ್ಲಿ ಎಣಿಸಿದವರ ಗುರುತು: ತನ್ನದೇ ಮೊದಲಕ್ಷರ, ತನ್ನದೇ ತಾರೀಖು. ಪ್ಲೇಟನ್ನು ದೀಪದ ಮೇಜಿನ ಮೇಲಿಟ್ಟು ಕೆಂಪು ವೃತ್ತದ ಜಾಗ ಹುಡುಕಿದಳು. ಕೊನೆಯ ಸಾಲು, ಒಂಬತ್ತನೆಯ ಚೌಕ. ಭೂತಗನ್ನಡಿಯಲ್ಲಿ ಚುಕ್ಕೆ ಚೆನ್ನಾಗಿಯೇ ಇತ್ತು. ದುಂಡಗೆ, ಅಂಚು ಮೆತ್ತಗೆ. ಧೂಳಲ್ಲ. ಗೀರಲ್ಲ.

ಸಹಿ ಹಾಕಬಹುದಾಗಿತ್ತು. ಆದರೆ ಕೈ ತಾನಾಗಿ ಹಳೆಯ ರೂಢಿಯಂತೆ ಪ್ಲೇಟನ್ನು ಮೇಲೆತ್ತಿ, ಮೇಜಿನ ದೀಪ ಬಿಟ್ಟು ಗೋಡೆಯ ದೀಪದ ಕಡೆಗೆ ಓರೆಯಾಗಿ ಹಿಡಿಯಿತು. ಉಳಿದ ಚುಕ್ಕೆಗಳೆಲ್ಲ ಮಂಕಾಗಿ ಲೇಪದೊಳಗೆ ಮುಳುಗಿದವು. ಒಂದು ಮಾತ್ರ ಮುಳುಗಲಿಲ್ಲ. ಮಿಣ್ಣನೆ ಹೊಳೆಯಿತು.

ಎಣಿಕೆಯಮ್ಮ ಪ್ಲೇಟನ್ನು ಇನ್ನೊಮ್ಮೆ ಓರೆ ಮಾಡಿ ನೋಡಿದಳು.

ಹೊಳೆಯುವ ಚುಕ್ಕೆ ಎಂದರೆ ಏನೆಂದು ಆ ಮನೆಯ ಹದಿನಾಲ್ಕು ಹೆಂಗಸರಿಗೂ ಗೊತ್ತಿತ್ತು, ಮೇಲಿನ ಮಹಡಿಯ ಒಬ್ಬರಿಗೂ ಗೊತ್ತಿರಲಿಲ್ಲ. ಅದು ಕಳ್ಳಚುಕ್ಕೆ. ದಿನವಿಡೀ ಚುಕ್ಕೆ ಎಣಿಸುವವರ ಕಣ್ಣು ತೆರೆದೇ ನಿದ್ದೆ ಹೋಗುತ್ತದೆ. ಕೈ ಬರೆಯುತ್ತಿರುತ್ತದೆ, ಮನಸ್ಸು ಮನೆಯ ಒಲೆಯ ಮುಂದೆ ಇರುತ್ತದೆ. ಅದಕ್ಕೆ ಅತ್ತೆ ಒಂದು ಉಪಾಯ ಮಾಡಿದ್ದಳು. ಅಲ್ಲೊಂದು ಇಲ್ಲೊಂದು ಪ್ಲೇಟಿನಲ್ಲಿ, ಲೇಪದ ಮೈಮೇಲೆ, ಕೂದಲೆಳೆಯಂಥ ಕುಂಚದಿಂದ ಒಂದೇ ಒಂದು ಶಾಯಿಚುಕ್ಕೆ ಇಡುತ್ತಿದ್ದಳು. ನಿಜವಾಗಿ ನೋಡುತ್ತಿದ್ದವರಿಗೆ ಅನುಮಾನ ಬರುತ್ತಿತ್ತು. ಓರೆ ಮಾಡಿ ನೋಡಿದರೆ ಶಾಯಿ ಹೊಳೆಯುತ್ತಿತ್ತು. "ಅತ್ತೇ, ಕಳ್ಳ ಸಿಕ್ಕಿದ!" ಎಂದು ಕೂಗಿದರೆ ಎಲ್ಲರೂ ನಗುತ್ತಿದ್ದರು. ಅತ್ತೆ ಬಂದು ತನ್ನ ಕೈಯಾರೆ ಅದನ್ನು ಒರೆಸಿ, ಕಳ್ಳರ ಪುಸ್ತಕ ಎಂಬ ಸಣ್ಣ ಪುಸ್ತಕದಲ್ಲಿ 'ಸಿಕ್ಕಿತು' ಎಂದು ತಾರೀಖು ಹಾಕುತ್ತಿದ್ದಳು. ಎಣಿಸಿದವರು ಒರೆಸಬಾರದು, ಒರೆಸುವವರು ಎಣಿಸಬಾರದು. ಅದು ಕಟ್ಟಳೆ. ಸಿಗದೇ ಹೋದರೆ 'ಸಿಗಲಿಲ್ಲ' ಎಂದು ಬರೆದು, ಆ ಪ್ಲೇಟನ್ನು ಬೇರೆಯವರಿಗೆ ಕೊಟ್ಟು ಮೊದಲಿನಿಂದ ಎಣಿಸಲು ಹೇಳಬೇಕು. ಎಲ್ಲರ ಹೆಸರಿನ ಮುಂದೂ ಒಂದೆರಡು 'ಸಿಗಲಿಲ್ಲ' ಇದ್ದವು. ಇವಳ ಹೆಸರಿನ ಮುಂದೆ ಇರಲಿಲ್ಲ. "ನಮ್ಮ ಸೊಸೆಯ ಕಣ್ಣು ತಪ್ಪಿಸೋ ಕಳ್ಳ ಹುಟ್ಟಿಲ್ಲ" ಎಂದು ಅತ್ತೆ ಹೇಳಿದರೆ ಉಳಿದವರು, "ಅತ್ತೆ ಸೊಸೆ ಸೇರಿ ಕಳ್ಳನ್ನ ಮೊದಲೇ ಮಾತಾಡಿಸಿ ಇಟ್ಟಿರ್ತಾರೆ" ಎಂದು ಆಡಿಕೊಳ್ಳುತ್ತಿದ್ದರು.

ಒಬ್ಬ ಕಳ್ಳ ಮಾತ್ರ ಮೂವತ್ತೊಂದು ವರ್ಷ ಹೊಂಚುಹಾಕಿ ಕೂತಿದ್ದ.

ಆ ದಿನ ಅವಳಿಗೆ ನೆನಪಿತ್ತು. ನೆನಪಿರುವುದಕ್ಕೆ ಕಾರಣವೇ ಅದೊಂದೇ ದಿನ ಅವಳು ಹಾಗೆ ಮಾಡಿದ್ದು. ಯಾರೂ ಸತ್ತಿರಲಿಲ್ಲ. ಮನೆಯಲ್ಲಿ ಯಾರಿಗೂ ಜ್ವರ ಇರಲಿಲ್ಲ. ಗಂಡನ ಜೊತೆ ಜಗಳವೂ ಆಗಿರಲಿಲ್ಲ. ಹನ್ನೊಂದು ಸಾಲು ಎಣಿಸಿ ತಲೆ ಎತ್ತಿದಾಗ, ಎದುರಿನ ಗೋಡೆ ನೋಡಿ, ನಾಳೆಯೂ ಈ ಗೋಡೆ, ನಾಡಿದ್ದೂ ಈ ಗೋಡೆ ಎನ್ನಿಸಿತು. ಬೇಸರ, ಅಷ್ಟೇ. ಹನ್ನೆರಡನೆಯ ಸಾಲಿನ ಹನ್ನೆರಡು ಚೌಕಗಳನ್ನು ನೋಡದೆ, ಚೌಕಕ್ಕೆ ಮೂವತ್ತೆಂಬ ಅಂದಾಜನ್ನೇ ಒಂದೆರಡು ಹೆಚ್ಚು ಕಡಿಮೆ ಮಾಡಿ ಬರೆದು, ಗೆರೆಗಾಜನ್ನು ಎತ್ತಿಟ್ಟಿದ್ದಳು. ಅತ್ತೆ ಬಂದು ಹೆಗಲ ಮೇಲೆ ಕೈಯಿಟ್ಟು, "ಎಲ್ಲಾ ನೋಡಿದೆಯೇನೇ?" ಎಂದಿದ್ದಳು. "ನೋಡಿದೆ ಅತ್ತೆ." ಹೆಗಲ ಮೇಲಿನ ಕೈ ಒಂದು ಗಳಿಗೆ ಹೆಚ್ಚೇ ನಿಂತಿತ್ತು. ಅದು ಪ್ರೀತಿ ಎಂದುಕೊಂಡಿದ್ದಳು.

ಪ್ಲೇಟನ್ನು ಲಕೋಟೆಗೆ ಹಾಕಿದಳು. ಸಹಿಯ ಕಾಗದವನ್ನು ಹಾಗೇ ಬಿಟ್ಟಳು.

ಮನೆಗೆ ಬಂದಾಗ ಗಂಡ ಮಂಡಿಗೆ ಬಿಸಿನೀರಿನ ಚೀಲ ಕಟ್ಟಿಕೊಂಡು ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿ ಕೂತಿದ್ದ. ಬಸ್ಸು ಓಡಿಸಿ ನಿವೃತ್ತನಾದವನು. ದಿನವೂ ಅವನದು ಒಂದೇ ಪ್ರಶ್ನೆ.

"ಏನೇ, ಆಕಾಶದಲ್ಲಿ ಏನು ವಿಶೇಷ?"

ದಿನವೂ ಅವಳದು ಒಂದೇ ಉತ್ತರ, "ಏನಿಲ್ಲ." ಇವತ್ತು ತನ್ನ ಕೈಚೀಲವನ್ನು ಮೊಳೆಗೆ ನೇತುಹಾಕಿ, "ಒಂದು ಹೆಚ್ಚಿಗೆ ಇದೆ ರೀ" ಎಂದಳು.

"ಇರಲಿ ಬಿಡೇ. ಕಡಿಮೆ ಆದ್ರೆ ತಾನೇ ನಿನ್ನ ಮೇಲೆ ಬರೋದು."

ಅವಳು ನಗಲಿಲ್ಲ. ಎದುರಿಗೆ ಕೂತು ಎಲ್ಲವನ್ನೂ ಹೇಳಿದಳು. ಹೇಳುವಾಗ ಬೆರಳುಗಳು ಮೇಜಿನ ಮೇಲಿನ ಕಾಳುಕಡ್ಡಿಯನ್ನು ಒಂದೊಂದೇ ಬದಿಗೆ ಸರಿಸುತ್ತಿದ್ದವು. ಎಣಿಸುವ ಕೈ ಸುಮ್ಮನಿರುವುದಿಲ್ಲ. ಅವನು ನಡುವೆ ಬಾಯಿ ಹಾಕದೆ ಕೇಳಿದ. ಕೊನೆಗೆ, "ನೀನು ಸಹಿ ಹಾಕಿದ್ರೆ ಯಾರಿಗೆ ಗೊತ್ತಾಗುತ್ತೆ?" ಎಂದ.

"ಯಾರಿಗೂ ಗೊತ್ತಾಗಲ್ಲ."

"ಹಾಕದೇ ಇದ್ರೆ?"

"ನನ್ನ ಒಂದು ಲೆಕ್ಕ ಸುಳ್ಳು ಅಂತ ಗೊತ್ತಾಗುತ್ತೆ. ಒಂದು ಸುಳ್ಳು ಅಂದ ಮೇಲೆ ಉಳಿದಿದ್ದನ್ನ ಯಾರು ನಂಬ್ತಾರೆ? ಮೂವತ್ತೆಂಟು ವರ್ಷ ರೀ. ಕಣ್ಣು ಕೊಟ್ಟು ಮಾಡಿದ್ದು. ಆ ಹುಡುಗಿಯ ಕೆಲಸಾನೂ ಹೋಗುತ್ತೆ. ಇಬ್ಬರದೂ ಒಂದೇ ಏಟಿಗೆ."

ಅವನು ಬಿಸಿನೀರಿನ ಚೀಲವನ್ನು ಇನ್ನೊಂದು ಮಂಡಿಗೆ ಬದಲಾಯಿಸಿದ. "ನಾನೊಂದು ಸಲ ಒಂದು ಸ್ಟಾಪು ನಿಲ್ಲಿಸದೆ ಬಂದಿದ್ದೆ. ನಿನಗೆ ಹೇಳಿಲ್ಲ."

"ಯಾಕೆ?"

"ಯಾಕೇಂತ ಕೇಳಿದ್ರೆ ಏನು ಹೇಳಲಿ? ಸಾಕಾಗಿತ್ತು. ನಿಂತವರು ಯಾರೂ ಇಲ್ಲ ಅಂದ್ಕೊಂಡೆ. ಮುಂದೆ ಬಂದು ಕನ್ನಡಿ ನೋಡ್ತೀನಿ, ಒಬ್ಬಳು ಮುದುಕಿ ಕೈ ಎತ್ಕೊಂಡು ಓಡಿಬರ್ತಾ ಇದಾಳೆ."

"ನಿಲ್ಲಿಸಿದ್ರಾ?"

"ಇಲ್ಲ." ಮಂಡಿ ನೀವಿಕೊಳ್ಳುತ್ತಾ ಅವನು ಹೇಳಿದ, "ಬಸ್ಸು ಆವತ್ತೇ ಡಿಪೋ ಸೇರ್ತು. ಮುದುಕಿ ಮಾತ್ರ ಇನ್ನೂ ಓಡ್ತಾನೇ ಇದಾಳೆ."

ಹಬೆ ಕಟ್ಟಿದ ಕಿಟಕಿಯ ಆಚೆ ಬೀದಿದೀಪ ಹತ್ತಿಕೊಂಡಿತು. "ನಾನು ರಸ್ತೆ ನೋಡಿದೆ, ನೀನು ಆಕಾಶ ನೋಡಿದೆ" ಎಂದ ಅವನು, "ಇಬ್ಬರಿಗೂ ಈ ಮನೆಯ ಸೋರೋ ನಲ್ಲಿ ಕಾಣಲಿಲ್ಲ ನೋಡು." ಆಗ ಅವಳು ನಕ್ಕಳು. ನಗುತ್ತಾ ನಗುತ್ತಾ ಕಣ್ಣು ಒರೆಸಿಕೊಂಡಳು. ಪೊರೆ ತೆಗೆಸಿದ ಕಣ್ಣು ಹೇಗೂ ಸುಮ್ಮಸುಮ್ಮನೆ ನೀರಾಡುತ್ತಿತ್ತು.

ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ ನೆಲಮಾಳಿಗೆಯ ದೀಪ ಹಾಕಿದಳು. ಮೂಲೆಯಲ್ಲಿ ಎಣಿಕೆಮನೆಯವರ ಸಣ್ಣ ಮರದ ಕಪಾಟು; ಅದರ ಬೀಗದ ಕೈ ಇನ್ನೂ ಅವಳ ಗೊಂಚಲಿನಲ್ಲೇ ಇತ್ತು. ಅತ್ತೆ ಕೆಲಸ ಬಿಟ್ಟ ದಿನ ಅದನ್ನು ಇವಳ ಅಂಗೈಯಲ್ಲಿಟ್ಟು ಬೆರಳು ಮಡಚಿ, "ಒಂದು ಉಳಿದಿದೆ. ಪುರುಸೊತ್ತಾದಾಗ ನೋಡು" ಎಂದಿದ್ದಳು. ಯಾವುದೋ ಎಣಿಸದ ಪ್ಲೇಟು ಇರಬೇಕೆಂದು ಇವಳು ಒಂದು ವಾರ ಹುಡುಕಿ, ಸಿಗದೆ, ಮುದುಕಿಗೆ ಮರೆವು ಎಂದು ಕೈಬಿಟ್ಟಿದ್ದಳು.

ಹತ್ತಿಯ ಸುರುಳಿ, ಮುರಿದ ಭೂತಗನ್ನಡಿ, ಒಣಗಿದ ಶಾಯಿ ಕುಡಿಕೆಗಳ ಕೆಳಗೆ ಕಳ್ಳರ ಪುಸ್ತಕ ಇತ್ತು. ಹಾಳೆ ತಿರುವಿದಳು. ಅತ್ತೆಯ ಮುತ್ತಿನಂಥ ಅಕ್ಷರ. ಪ್ಲೇಟಿನ ಸಂಖ್ಯೆ, ಚೌಕ, ಎಣಿಸಿದವರು, ಕೊನೆಗೆ 'ಸಿಕ್ಕಿತು' ಅಥವಾ 'ಸಿಗಲಿಲ್ಲ'. ಮೂವತ್ತೊಂದು ವರ್ಷದ ಹಿಂದಿನ ಪುಟದಲ್ಲಿ ಆ ಸಂಖ್ಯೆ ಸಿಕ್ಕಿತು. ಹನ್ನೆರಡನೆಯ ಸಾಲು, ಒಂಬತ್ತನೆಯ ಚೌಕ. ಇವಳ ಮೊದಲಕ್ಷರ. ಕೊನೆಯ ಅಂಕಣ ಖಾಲಿ.

ಪುಸ್ತಕದಲ್ಲೆಲ್ಲ ಖಾಲಿ ಉಳಿದದ್ದು ಅದೊಂದೇ. ಅತ್ತೆಗೆ ಗೊತ್ತಿತ್ತು. 'ಸಿಗಲಿಲ್ಲ' ಎಂದು ಬರೆಯಲು ಕೈ ಬಂದಿರಲಿಲ್ಲ. 'ಸಿಕ್ಕಿತು' ಎಂದು ಸುಳ್ಳು ಬರೆಯುವ ಹೆಂಗಸೂ ಅಲ್ಲ. ಚುಕ್ಕೆಯನ್ನು ಒರೆಸದೆ ಬಿಟ್ಟು, ಸೊಸೆ ಇವತ್ತಲ್ಲ ನಾಳೆ ತಾನೇ ತಿರುಗಿ ನೋಡುತ್ತಾಳೆಂದು ಕಾದಿದ್ದಳು. ಕಾಯುತ್ತಲೇ ಕೆಲಸ ಬಿಟ್ಟಳು, ಕಾಯುತ್ತಲೇ ಹೋಗಿಬಿಟ್ಟಳು. ಎಷ್ಟು ಕಟ್ಟುನಿಟ್ಟಿನ ಹೆಂಗಸು, ತನಗಾಗಿ ಕಟ್ಟಳೆ ಮುರಿದು ಆ ಭಾರವನ್ನು ಒಬ್ಬಳೇ ಹೊತ್ತಳಲ್ಲ ಎಂದುಕೊಂಡಳು ಎಣಿಕೆಯಮ್ಮ. ಸ್ಟೂಲಿನ ಮೇಲೆ ಕೂತಳು. ಕಣ್ಣು ಮುಚ್ಚಿದಳು. 'ಕಾಣಿಸಿದ್ದನ್ನಷ್ಟೇ ಹೇಳಿಸು ತಂದೆ' ಎನ್ನುವಾಗ, ಇಷ್ಟು ವರ್ಷ ಆ ಮಾತನ್ನು ಹೇಳಿಕೊಂಡದ್ದು ಯಾರ ಮುಂದೆ ಎಂದು ನಾಚಿಕೆಯಾಯಿತು. ಆ ದೇವರಂತೂ ನಕ್ಕಿರಲಾರ. ಅತ್ತೆಯ ಹಾಗೆ ಅವನೂ ಅಂಕಣ ಖಾಲಿ ಬಿಟ್ಟು ಕಾದಿರಬೇಕು.

ಧೂಮಕೇತು ಒಂಬತ್ತಕ್ಕೇ ಬಂದಳು. "ಸಹಿ ಆಯ್ತಾ ಅಮ್ಮ?"

"ಬಾ ಇಲ್ಲಿ. ಇದನ್ನ ಹೀಗೆ ಓರೆಯಾಗಿ ಹಿಡ್ಕೊಂಡು ನೋಡು. ಅಂಚಿನಲ್ಲಿ ಹಿಡ್ಕೋ, ಮೈ ಮುಟ್ಟಬೇಡ."

ಹುಡುಗಿ ನೋಡಿದಳು. ಹಾಗೆ ತಿರುಗಿಸಿದಳು, ಹೀಗೆ ತಿರುಗಿಸಿದಳು. ಚುಕ್ಕೆ ಮಿನುಗಿತು, ಆರಿತು, ಮತ್ತೆ ಮಿನುಗಿತು. ಅವಳಿಗೆ ಕೇಳುವ ಮುಂಚೆಯೇ ಅರ್ಥವಾಗತೊಡಗಿತ್ತು. ಅರವತ್ತು ಸಾವಿರ ಹೊಡೆದುಹಾಕಿದ ಕಣ್ಣಲ್ಲವೇ. ಆದರೂ, "ಏನಿದು?" ಎಂದಳು.

ಎಣಿಕೆಯಮ್ಮ ಹೇಳಿದಳು. ಕಳ್ಳಚುಕ್ಕೆ, ಅತ್ತೆ, ಪುಸ್ತಕ, ಹನ್ನೆರಡು ಚೌಕ. ಏನನ್ನೂ ಮುಚ್ಚಿಡಲಿಲ್ಲ, ಯಾವುದಕ್ಕೂ ಬಣ್ಣ ಹಚ್ಚಲಿಲ್ಲ.

"ಮೂಲ ಪ್ಲೇಟಿನ ಮೇಲೆ ಶಾಯಿ?" ಹುಡುಗಿಯ ದನಿ ಏರಿತು. "ಯಾರಾದ್ರೂ ಹಾಗೆ ಮಾಡ್ತಾರಾ?"

"ಮೂಲ ಒಂದೇ ಇದ್ದಿದ್ದು ತಾಯಿ. ಆಕಾಶಕ್ಕೆ ನಕಲು ಎಲ್ಲಿಂದ ತರೋಣ? ಸಂಜೆಯೊಳಗೆ ಅತ್ತೆ ಒರೆಸಿಬಿಡ್ತಿದ್ದಳು. ಇದೊಂದು ಉಳೀತು. ಉಳಿಸಿದ್ದು ನಾನು."

"ನೀವು ಹೇಳದೇ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ."

"ಹೂಂ."

"ನಿನ್ನೆಯೇ ಗೊತ್ತಿತ್ತಾ?"

"ನಿನ್ನೆಯೇ ಗೊತ್ತಿತ್ತು. ಒಂದು ರಾತ್ರಿ ಬೇಕಾಯ್ತು."

ಹುಡುಗಿ ಪ್ಲೇಟನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟಳು. ಸಿಟ್ಟಿನಲ್ಲೂ ಮೆಲ್ಲಗೆ ಇಟ್ಟಳು ಎಂಬುದನ್ನು ಎಣಿಕೆಯಮ್ಮ ಗಮನಿಸಿದಳು. ಆಮೇಲೆ ಹುಡುಗಿ ಗೋಡೆಗೆ ಮುಖ ಮಾಡಿ ನಿಂತಳು. ಅದೇ ಗೋಡೆ. ತಿರುಗಿದಾಗ ಮುಖದಲ್ಲಿ ಅಳು ಇರಲಿಲ್ಲ, ನಗುವಿನಂಥ ಏನೋ ಇತ್ತು; ತುಂಬಾ ದೂರ ನಡೆದವರು ದಾರಿ ತಪ್ಪಿದೆ ಎಂದು ತಿಳಿದಾಗ ನಗುತ್ತಾರಲ್ಲ, ಹಾಗೆ.

"ಮೂರು ವರ್ಷ. ನಿಮ್ಮ ಅತ್ತೆಯ ಶಾಯಿಯನ್ನ ಹುಡುಕಿದೆ ನಾನು."

"ಚೆನ್ನಾಗಿ ಹುಡುಕಿದೆ. ಅತ್ತೆ ಇದ್ದಿದ್ರೆ ನಿನ್ನನ್ನ ಎತ್ಕೊಂಡು ಕುಣೀತಿದ್ದಳು. ನನ್ನ ಕಣ್ಣು ತಪ್ಪಿಸಿದ ಕಳ್ಳನ್ನ ಹಿಡಿದವಳು ನೀನೊಬ್ಬಳೇ."

"ಹಿಡಿದು ನನಗೇನು ಬಂತು?" ದನಿ ತಗ್ಗಿಸಿ, ಕಠಿಣವಾದ ಆ ಪ್ರಶ್ನೆಯನ್ನು ಕೇಳಿಯೇಬಿಟ್ಟಳು. "ಇನ್ನೆಷ್ಟು ಪ್ಲೇಟಿನಲ್ಲಿ ಹೀಗೆ ಮಾಡಿದ್ದೀರಿ?"

"ಇದೊಂದೇ. ಹನ್ನೆರಡು ಚೌಕ."

"ನಾನು ಹೇಗೆ ನಂಬಲಿ?"

ಈ ಮಾತು ಬರುತ್ತದೆಂದು ಎಣಿಕೆಯಮ್ಮನಿಗೆ ಗೊತ್ತಿತ್ತು. ರಾತ್ರಿಯಿಡೀ ಅದಕ್ಕೇ ಮೈ ಗಟ್ಟಿಮಾಡಿಕೊಂಡಿದ್ದಳು. ಆದರೂ ಅದು ಬಂದು ತಾಗಿದಾಗ ಒಡವೆಯ ಪೆಟ್ಟಿಗೆಯನ್ನು ಯಾರೋ ಕೈಯಿಂದ ಇಸಿದುಕೊಂಡ ಹಾಗಾಯಿತು. ಕೈ ಹಗುರವಾಯಿತು, ಅದೂ ನಿಜ.

"ನಂಬಬೇಡ ತಾಯಿ. ನನ್ನವು ಯಾವ್ಯಾವ ಪ್ಲೇಟು ಅಂತ ಮೇಲಿನವರಿಗೆ ಬರೆದು ಕೊಡ್ತೀನಿ. ಬೇಕಾದ್ದನ್ನ ತೆಗೆದು ಎಣಿಸಿ ನೋಡ್ಲಿ. ಮೊದಲು ಈ ಹನ್ನೆರಡು ಚೌಕ ನಾನು ಎಣಿಸ್ತೀನಿ. ಬಾಕಿ ಇದೆ. ನೀನು ಪಕ್ಕದಲ್ಲಿ ಕೂತು ಇನ್ನೊಂದು ಸಲ ಎಣಿಸು."

ಗೆರೆಗಾಜನ್ನು ತಂದು ಹೊದಿಸಿದಳು. ಇಬ್ಬರೂ ಅಕ್ಕಪಕ್ಕ ಕೂತರು. ಅಂದು ಐದು ನಿಮಿಷದಲ್ಲಿ ಬರೆದು ಮುಗಿಸಿದ ಸಾಲು ಇಂದು ಎರಡೂವರೆ ಗಂಟೆ ತೆಗೆದುಕೊಂಡಿತು. ನಾಲ್ಕು ಚೌಕಕ್ಕೊಮ್ಮೆ ಎಣಿಕೆಯಮ್ಮ ಕಣ್ಣಿಗೆ ಔಷಧದ ಹನಿ ಬಿಟ್ಟುಕೊಂಡು, ಹಿಂದಕ್ಕೆ ಒರಗಿ ಸುಧಾರಿಸಿಕೊಳ್ಳುತ್ತಿದ್ದಳು. ಹುಡುಗಿ ಕಾಯುತ್ತಿದ್ದಳು. ಆರನೆಯ ಚೌಕದಲ್ಲಿ ಇಬ್ಬರ ಲೆಕ್ಕಕ್ಕೂ ಒಂದರ ವ್ಯತ್ಯಾಸ ಬಂತು. ಮತ್ತೆ ಎಣಿಸಿದರು. ಹುಡುಗಿ ಎರಡು ಜೋಡಿ ನಕ್ಷತ್ರಗಳನ್ನು ಒಂದೊಂದೆಂದು ಹಿಡಿದಿದ್ದಳು. ಎಣಿಕೆಯಮ್ಮ ಒಂದನ್ನು ಬಿಟ್ಟೇಬಿಟ್ಟಿದ್ದಳು.

"ಅಂದ್ರೆ ಇಬ್ಬರೂ ತಪ್ಪು" ಎಂದಳು ಹುಡುಗಿ.

"ಇಬ್ಬರೂ ನೋಡಿದೆವಲ್ಲ. ನೋಡಿ ತಪ್ಪಿದ್ರೆ ಅದು ಬೇರೆ."

ಹಳೆಯ ಲೆಕ್ಕದಲ್ಲಿ ಆ ಸಾಲು ಮೂವತ್ತು, ಇಪ್ಪತ್ತೊಂಬತ್ತು, ಮೂವತ್ತೊಂದು, ಮೂವತ್ತು ಎಂದು ಇಸ್ತ್ರಿ ಹಾಕಿದ ಬಟ್ಟೆಯ ಹಾಗೆ ಹೋಗಿತ್ತು. ಈಗ ಬಂದದ್ದು ಹತ್ತೊಂಬತ್ತು, ನಲವತ್ತೆರಡು, ಮೂವತ್ತು, ಹನ್ನೊಂದು. ದೇವರು ಚೆಲ್ಲಿದ ಕೈಯಲ್ಲಿ ಎಲ್ಲಿಯೂ ಅಷ್ಟು ನಯ ಇರುವುದಿಲ್ಲ. ಅದನ್ನು ನೋಡಿದ ಯಾರಿಗಾದರೂ ಅಂದೇ ತಿಳಿಯಬೇಕಾಗಿತ್ತು. ಅತ್ತೆಗೆ ತಿಳಿದೇ ಇತ್ತು.

ಒಂಬತ್ತನೆಯ ಚೌಕಕ್ಕೆ ಬಂದಾಗ ಎಣಿಕೆಯಮ್ಮ ಪ್ಲೇಟನ್ನು ಓರೆ ಮಾಡಿದಳು. ಹೊಳೆಯಿತು. ಎಷ್ಟೋ ವರ್ಷದ ಮೇಲೆ ಆ ಕೂಗು ಬಾಯಿಗೆ ಬಂತು. ಪಿಸುಮಾತಿನಲ್ಲಿ ಹೇಳಿದಳು, "ಅತ್ತೇ, ಕಳ್ಳ ಸಿಕ್ಕಿದ."

ಹುಡುಗಿ ತಲೆ ಎತ್ತಲಿಲ್ಲ.

ಲೆಕ್ಕ ಮುಗಿದ ಮೇಲೆ ಎಣಿಕೆಯಮ್ಮ ಕಳ್ಳರ ಪುಸ್ತಕ ತೆರೆದು, ಖಾಲಿ ಅಂಕಣದಲ್ಲಿ 'ಸಿಕ್ಕಿತು' ಎಂದು ಬರೆದಳು. ಪಕ್ಕದಲ್ಲಿ ಇವತ್ತಿನ ತಾರೀಖು. ಆಮೇಲೆ ಸ್ಪಿರಿಟ್ ಬಾಟಲಿ ತೆರೆದು, ಕಡ್ಡಿಯ ತುದಿಗೆ ಹತ್ತಿ ಸುತ್ತಿ, ಅದ್ದಿ, ಹಿಂಡಿ, ಹುಡುಗಿಯ ಕಡೆ ಚಾಚಿದಳು.

"ನಾನಾ?"

"ಎಣಿಸಿದವರು ಒರೆಸಬಾರದು. ಕಟ್ಟಳೆ."

"ನಾನೂ ಈಗ ಎಣಿಸಿದೆನಲ್ಲ!"

ಎಣಿಕೆಯಮ್ಮ ಒಂದು ಗಳಿಗೆ ತಬ್ಬಿಬ್ಬಾದಳು. "ಹೌದಲ್ಲವೇ... ಇರಲಿ ಬಿಡು. ಲಕೋಟೆಯ ಮೇಲೆ ಇರೋದು ನನ್ನ ಮೊದಲಕ್ಷರ ಮಾತ್ರ."

ಹುಡುಗಿಗೆ ನಗು ಬಂತು. ಕಡ್ಡಿ ತೆಗೆದುಕೊಂಡು ಭೂತಗನ್ನಡಿಯ ಮೇಲೆ ಬಾಗಿದಳು. ತುದಿ ಚುಕ್ಕೆಯ ಹತ್ತಿರ ಬಂದು ನಿಂತಿತು. ಮೂರು ವರ್ಷದ ಅವಳ ನಕ್ಷತ್ರ. ಇಲ್ಲಿಂದ ಲಕ್ಷಾಂತರ ಜ್ಯೋತಿರ್ವರ್ಷ ದೂರದಲ್ಲಿ, ಯಾರಿಗೂ ಹೇಳದೆ ಒಳಗೇ ಕುಸಿದು ಹೋಗಿದೆ ಎಂದು ಅವಳು ನಂಬಿದ್ದ ನಕ್ಷತ್ರ. ಎಣಿಕೆಯಮ್ಮ ಅವಳ ಹೆಗಲ ಮೇಲೆ ಕೈಯಿಟ್ಟಳು, ಇಟ್ಟು, ತೆಗೆಯಲಿಲ್ಲ.

"ಹಗುರಕ್ಕೆ. ಮಗುವಿನ ಮೂಗು ಒರೆಸೋ ಹಾಗೆ."

ಒಮ್ಮೆ ಸವರಿದಳು. ಅಷ್ಟಕ್ಕೇ ಹೋಯಿತು. ಹತ್ತಿಯ ತುದಿಯಲ್ಲಿ ಬೂದುಬಣ್ಣದ ಒಂದು ಎಳೆ. ಗಾಜಿನಲ್ಲಿ ಗ್ಯಾಲಕ್ಸಿಯ ಮಸಕು ತೋಳು, ಅದರಲ್ಲಿ ಇರಬೇಕಾದ ಖಾಲಿ ಜಾಗ ಇರಬೇಕಾದ ಹಾಗೆ.

"ಸೊನ್ನೆ ಅಂತ ಬರೀತೀನಿ" ಎಂದಳು ಹುಡುಗಿ ಕಡ್ಡಿ ಕೆಳಗಿಟ್ಟು. "ಇಷ್ಟು ಪ್ಲೇಟು ನೋಡಿದೆ, ಮಾಯವಾದ ನಕ್ಷತ್ರ ಒಂದೂ ಇಲ್ಲ. ಅದನ್ನ ಓದಿ ಯಾರೂ ಕೆಲಸ ಕೊಡಲ್ಲ. ಆದರೆ ಅದೂ ಒಂದು ಲೆಕ್ಕವೇ."

"ನಿಜವಾದ ಲೆಕ್ಕ."

"ಎರಡು ತಿಂಗಳಿದೆ. ಇನ್ನೂ ಹನ್ನೆರಡು ಸಾವಿರ ಉಳಿದಿದೆಯಂತಲ್ಲ?"

"ಇವತ್ತು ಒಂದೂ ಆಗಿಲ್ಲ, ನಿನ್ನ ದಯೆ."

ಹುಡುಗಿ ಶಾಲನ್ನು ತೆಗೆದು ಸ್ಟೂಲಿನ ಮೇಲಿಟ್ಟಳು. ಎಣಿಕೆಯಮ್ಮ ಆ ಪ್ಲೇಟನ್ನು ಲಕೋಟೆಗೆ ಹಾಕಿ, ಹಳೆಯ ತಾರೀಖಿನ ಕೆಳಗೆ ಹೊಸ ತಾರೀಖು ಬರೆದು, ಏಳನೆಯ ಕಪಾಟಿಗೆ ಸೇರಿಸಿದಳು. ಸೊಂಟ ಹಿಡಿದುಕೊಂಡು ತಿರುಗಿ ಬರುವಾಗ ಮುಂದಿನ ಲಕೋಟೆಯನ್ನು ತೆಗೆದುಕೊಂಡು ಬಂದಳು. ಬಿಚ್ಚುವ ಮುಂಚೆ ಒಂದು ಗಳಿಗೆ ಕಣ್ಣು ಮುಚ್ಚಿದಳು.